ಗುಂಡಿ

ಹೊಳಲ್ಕೆರೆ ರಸ್ತೆಯ ನನ್ನ ಫ್ಲೆಕ್ಸ್ ಅಂಗಡಿಯಲ್ಲಿ
ಮಿಕ್ಕ ರಟ್ಟು, ಮಿಕ್ಕ ಬಣ್ಣ, ಮಿಕ್ಕ ರಾತ್ರಿಗಳನ್ನು ಕೂಡಿಸಿ
ಒಂದು ಯುದ್ಧ ಮಾಡಿದೆ.
ಏಳು ಸುತ್ತು. ಸುತ್ತಿಗೊಂದು ಬಣ್ಣ.
ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳು.
ಬತೇರಿ ಹಿಡಿದರೆ ಎರಡು ಅಂಕ, ಬಂಡೆಗೆ ಒಂದು,
ಹೊಂಡಕ್ಕೆ ಏನೂ ಇಲ್ಲ, ಸುಮ್ಮನೆ ನೀಲಿ.
ಟೈಲರ್ ಜಬೀನಾ ಕೊಟ್ಟ ಅಂಗಿಗುಂಡಿಗಳೇ ಸೈನ್ಯ:
ಒಳಗಿನವರು ಕಪ್ಪು, ನಲವತ್ತು.
ಹೊರಗಿನವರು ಬಿಳಿ, ತೊಂಬತ್ತು.
ಎರಡು ದಾಳ. ಹಿಂದೂ ಮುಂದೂ ತುಂಬಿದ ನಿಯಮದ ಹಾಳೆ.

ಆಡಿ ನೋಡಲು ಯಾರೂ ಸಿಗದೆ
ಎದುರಿನ ಎಟಿಎಂ ಕಾಯುವ ಗಾದ್ರಪ್ಪನನ್ನು ಕರೆದೆ.
ಹದಿನೇಳು ವರ್ಷ ಮಿಲಿಟರಿ.
ಯಾವ ಗಡಿ, ಯಾವ ಗುಡ್ಡ ಎಂದು ಕೇಳಿದರೆ
'ಚಳಿ' ಅನ್ನುತ್ತಾನೆ, ಊರ ಹೆಸರು ಹೇಳಿದ ಹಾಗೆ.
ಈಗ ಕಂಪನಿ ಕೊಟ್ಟ ನೀಲಿ ಅಂಗಿ,
ಎರಡನೆಯ ಗುಂಡಿಯ ಜಾಗದಲ್ಲಿ ಪಿನ್ನು.

ಬಗ್ಗಿ ಬಹಳ ಹೊತ್ತು ನೋಡಿದ.
'ಇದನ್ನ ನೋಡ್ತಿರೋನು ಎಲ್ಲಿ ಕುಂತವ್ನೆ?'
ಯಾರು?
'ನೀನೇ. ಇಷ್ಟು ಮ್ಯಾಲೆ ಎಲ್ಲಿ ಕುಂತಿದ್ದೀಯ?
ಹಿಂಗೆ ಕಾಣೋದು ಹದ್ದಿಗೆ ಮಾತ್ರ.'

ನಾನು ಹೊರಗಿನವನು. ದಾಳ ಬಿತ್ತು, ಎಂಟು.
ಓದಿಕೊಂಡಿದ್ದೆ: ಎದುರು ಹೋಗಬೇಡ, ಪಕ್ಕದಿಂದ ಬಳಸು,
ಎತ್ತರ ಹಿಡಿ, ಅನ್ನದ ದಾರಿ ಕಡಿ.
ಬಳಸಿದೆ. ಹಿಡಿದೆ. ಮೊದಲ ಸುತ್ತು ನನ್ನದು.
ಗಾದ್ರಪ್ಪ ಕೈಕಟ್ಟಿ ಕೂತ.
ನಡೆಸು, ನಿನ್ನ ಸರದಿ.
'ನಡೆಸಲ್ಲ.'
ನಡೆಸಲೇಬೇಕು, ನಿಯಮ ನಾಲ್ಕು.
'ಹನ್ನೊಂದು ರಾತ್ರಿ ಒಂದೇ ಬಂಡೆ ಹಿಂದೆ ಕುಂತಿದ್ವಿ.
ಯಾಕೆ ಅಂತ ಯಾರೂ ಹೇಳ್ಲಿಲ್ಲ.
ಹನ್ನೆರಡನೇ ದಿನ ಎದ್ದು ವಾಪಸ್ ಬಂದ್ವಿ.
ಅದಕ್ಕೆಷ್ಟು ಅಂಕ?'

ಪೆನ್ಸಿಲ್ ತೆಗೆದು ನಿಯಮ ನಾಲ್ಕನ್ನು ತಿದ್ದಿದೆ.
ಆಮೇಲೆ ಐದು. ಆಮೇಲೆ ಒಂಬತ್ತು.
'ನೀರು ಹೊರೋನು ಎಲ್ಲಿ? ಹೇಸರಗತ್ತೆ ಎಲ್ಲಿ?
ಭೇದಿ ಹತ್ತಿದೋನು ಎಲ್ಲಿಗೆ ಹೋಗ್ಬೇಕು ನಿನ್ನ ಕೋಟೆಯಾಗೆ?'
ನಾನು ನಕ್ಕೆ. ಅವನು ದಾಳವನ್ನು ಅಂಗೈಯಲ್ಲಿ ತೂಗಿ
'ಇದೊಂದು ಸರಿಯಾಗೈತೆ' ಅಂದ.

ಗೋಪಾಲಸ್ವಾಮಿ ಹೊಂಡದ ಮೇಲೊಂದು ಬಂಡೆ.
ಅದರ ನೆತ್ತಿಯ ಮೇಲೆ ಹುಲಿ-ಕುರಿ ಮನೆ ಗೀರಿದೆ,
ಗೆರೆ ಸವೆದು, ಬೆರಳಿಗೆ ಮಾತ್ರ ಸಿಗುವಷ್ಟು.
ಕಾವಲಿನವನೇ ಕೊರೆದಿರಬೇಕು, ಭರ್ಜಿಯ ಮೊನೆಯಲ್ಲಿ,
ಶತ್ರು ಬರದೆ ಬೇಸತ್ತ ಯಾವುದೋ ಮಧ್ಯಾಹ್ನ.
ಹುಡುಗರಾಗಿ ನಾವು ಅಲ್ಲಿ ಆಡುತ್ತಿದ್ದೆವು.
ಹುಲಿ ನುಂಗಿದ ಕುರಿಯನ್ನು ಹೊಂಡಕ್ಕೆ ಎಸೆದರೆ
ಬುಳುಕ್.
ಮರುದಿನ ಬೇರೆ ಕಲ್ಲು. ಗುಡ್ಡದಲ್ಲಿ ಕಲ್ಲಿಗೇನು ಬರ?

ನಾಲ್ಕನೆಯ ಸುತ್ತಿನಲ್ಲಿ ಅವನದೊಂದು ಗುಂಡಿ ಸತ್ತಿತು.
ಕೊಡು, ಡಬ್ಬಿಗೆ ಹಾಕಬೇಕು.
ಕೊಡಲಿಲ್ಲ. ಬೆಳಕಿಗೆ ಹಿಡಿದು
ನಾಲ್ಕು ತೂತುಗಳನ್ನು ಒಂದೊಂದಾಗಿ ನೋಡಿದ.
'ಇವನು ಯಾವೂರೋನು?'
ಗುಂಡಿ ಅದು, ಗಾದ್ರಪ್ಪ.
'ಹೂಂ. ಗುಂಡೀನೂ ನಾನೇ ತೋಡಿದ್ದು.
ನೆಲ ಕಲ್ಲಾಗಿತ್ತು. ಮೊಣಕಾಲಷ್ಟೇ ಆತು.'

ಹೊರಗೆ ದಾವಣಗೆರೆ ಬಸ್ಸೊಂದು ಹಾರನ್ ಒತ್ತುತ್ತ ಹೋಯಿತು.
ಅವನ ಪಾಳಿಯ ಹೊತ್ತು. ಎದ್ದ.
ಬಾಗಿಲಲ್ಲಿ ತಿರುಗಿ 'ಆಟ ಚೆನ್ನಾಗೈತೆ' ಅಂದ.
ನಿಜಕ್ಕೂ ಹಾಗೇ ಅಂದ.

ಗೆದ್ದವರು ಯಾರೆಂದು ಬರೆಯದೆ ರಟ್ಟು ಮಡಿಸಿದೆ.
ಎಣಿಸಿದರೆ ಕಪ್ಪು ಮೂವತ್ತೊಂಬತ್ತು.

ಬೆಳಿಗ್ಗೆ ಎಟಿಎಂ ಮುಂದೆ ಅದೇ ಸ್ಟೂಲು, ಅದೇ ನೀಲಿ ಅಂಗಿ.
ಪಿನ್ನು ಇರಲಿಲ್ಲ.
ಬಿಳಿ ದಾರ, ಕಪ್ಪು ಗುಂಡಿ, ಹೊಲಿಗೆ ತುಸು ಓರೆ.
ಚಾ ಕೊಟ್ಟೆ. ಏನೂ ಕೇಳಲಿಲ್ಲ.
ಅಂಗಡಿಗೆ ಬಂದು ಹಾಳೆಯಲ್ಲಿ ನಲವತ್ತನ್ನು ಹೊಡೆದುಹಾಕಿ
ಮೂವತ್ತೊಂಬತ್ತು ಎಂದು ಬರೆದೆ.
ಸ್ವಲ್ಪ ಹೊತ್ತು ಬಿಟ್ಟು ಅದನ್ನೂ ಹೊಡೆದುಹಾಕಿದೆ.
ನಲವತ್ತೇ ಇರಲಿ.
ಒಬ್ಬ ಕಾವಲಿಗೆ ಹೋಗಿದ್ದಾನೆ.