ಕೊಟೇಶನ್ ನಂಬರ್ ಒಂದು

ಮೂರನೇ ಹಾಳೆ ಇದು. ಎರಡು ಹರಿದಿದ್ದೇನೆ.
ಮೇಲೆ ಹೆಸರು: ಕೆ. ವಿಮಲಾಕ್ಷಿ, ಚಿತ್ರ ಬರೆಯುವವಳು,
ಪೆನ್ಷನ್ ಮೊಹಲ್ಲ, ಹಾಸನ.
ತಾರೀಖು ಹಾಕಿದೆ. ಕೆಳಗೊಂದು ಗೆರೆ ಎಳೆದೆ.
ಗೆರೆ ನೆಟ್ಟಗೆ ಬಂತು, ಅದು ನನ್ನ ಕಸುಬು.
ಬಲಗಡೆ ‘ಮೊತ್ತ’ ಅಂತ ಬರೆದು
ಅರ್ಧ ಗಂಟೆಯಾಯಿತು.

ಅಪ್ಪ ಇದ್ದಿದ್ದರೆ ನಗುತ್ತಿದ್ದ.
ದನದ ದಲ್ಲಾಳಿ ಕೆಂಚೇಗೌಡ
ಸಂತೆಯಲ್ಲಿ ಬಾಯಿಬಿಟ್ಟು ಬೆಲೆ ಹೇಳಿದವನಲ್ಲ.
ಹೆಗಲ ಟವೆಲ್ಲು ಇಳಿಸಿ
ಎದುರಿನವನ ಕೈಯನ್ನು ಅದರಡಿ ಸೇರಿಸಿಕೊಂಡರೆ
ಒಂದು ಬೆರಳಿಗೆ ಒಂದು ಸಾವಿರ,
ಗಿಣ್ಣು ಒತ್ತಿದರೆ ಮೇಲೆ ಐನೂರು.
ಮುಖಗಳು ಬೀಗರೂಟದ ಮಾತಾಡುತ್ತಿದ್ದವು.
ಕೆಳಗೆ, ಕತ್ತಲಲ್ಲಿ, ಎತ್ತು ಕೈ ಬದಲಾಗುತ್ತಿತ್ತು.
ನಾನು ಪಕ್ಕದಲ್ಲಿ ಕೂತು
ಸಿಗರೇಟು ಪ್ಯಾಕಿನ ಒಳಮೈ ಬಿಡಿಸಿ
ಆ ಎತ್ತಿನ ಗಂಗೆದೊಗಲು ಬರೆಯುತ್ತಿದ್ದೆ.

ಅವನ ಬೆರಳು ನನಗೆ ಬಂತು. ಲೆಕ್ಕ ಬರಲಿಲ್ಲ.

ಮೊದಲ ಚಿತ್ರ ಹಲ್ಲಿನ ಡಾಕ್ಟರಿಗೆ.
‘ಎಷ್ಟು ಕೊಡಲಮ್ಮ?’
‘ನಿಮಗೆ ತೋಚಿದಷ್ಟು ಕೊಡಿ ಸಾರ್.’
ಅವರಿಗೆ ತೋಚಿದ್ದು ಎಂಟುನೂರು,
ಜೊತೆಗೊಂದು ದವಡೆಹಲ್ಲಿಗೆ ಬಿಟ್ಟಿ ಸಿಮೆಂಟು.
ಈಗಲೂ ತಣ್ಣೀರು ಕುಡಿದರೆ
ಆ ಚಿತ್ರ ಜುಮ್ಮೆನ್ನುತ್ತದೆ.

ಎರಡನೆಯದು ಕಲ್ಯಾಣಮಂಟಪದ ಗೋಡೆ, ಇಪ್ಪತ್ತೆರಡು ಅಡಿ.
‘ಸಾವಿರ ಜನ ನೋಡ್ತಾರೆ, ಹೆಸರು ಬರುತ್ತೆ.’
ಸಾವಿರ ಜನ ನೋಡಿದರು.
ಮೂಲೆಯಲ್ಲಿ ನಾನು ಬರೆದಿದ್ದ ಹೆಸರಿಗೆ ಅಡ್ಡವಾಗಿ
ಐಸ್‌ಕ್ರೀಮಿನ ಟೇಬಲ್ ಹಾಕಿದ್ದರು.

ಕಟ್ಟು ಹಾಕುವ ಮುನೀರ್ ಪಾಷ ಬೈದದ್ದು ಆಮೇಲೆ.
‘ನನ್ನ ಮರಕ್ಕೆ ಅಡಿ ಲೆಕ್ಕ ಹಾಕ್ತೀನಿ,
ಗಾಜಿಗೆ ಹಾಕ್ತೀನಿ, ಮೊಳೆಗೆ, ಹಿಂದಿನ ಕೊಕ್ಕೆಗೂ ಹಾಕ್ತೀನಿ.
ನಡುವೆ ಇರೋದು ಪುಕ್ಕಟೆನಾ?’
ತನ್ನ ಬಿಲ್ ಬುಕ್ಕಿನ ಬೆನ್ನಿಗೆ ನನ್ನಿಂದಲೇ ಬರೆಸಿದ:
ಬಣ್ಣದ ಟ್ಯೂಬು ಹನ್ನೊಂದು. ಕ್ಯಾನ್ವಾಸು ಮೂರು ಮೀಟರು.
ಮೈಸೂರಿಗೆ ಹೋಗಿಬಂದ ಬಸ್ಸು.
ಮನೆಬಾಡಿಗೆಯಲ್ಲಿ ಈ ಕೋಣೆಯ ಪಾಲು.
‘ದಿನ?’
ಹದಿನೆಂಟು.
‘ಬ್ರಷ್ ಮುಟ್ಟದೆ ಸುಮ್ನೆ ನೋಡ್ತಾ ಕೂತಿದ್ದು?’
ಅದನ್ನೂ ಬರೀಬೇಕಾ?
‘ಅದನ್ನೇ ಮೊದಲು ಬರಿ’ ಅಂದ,
ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡು.

ಈಗ ಕೇಳಿರುವುದು ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಕಂಪನಿ.
ಬೀಜ ಆರಿಸುವ ಹೆಂಗಸರ ಮೂರು ಚಿತ್ರ, ಮೀಟಿಂಗ್ ಕೋಣೆಗೆ.
ಆ ಶೆಡ್ಡಿನಲ್ಲಿ ನಾಲ್ಕು ದಿನ ಕೂತು ಬಂದೆ.
ಕೊಟ್ರಮ್ಮ ಅನ್ನುವಾಕೆ ಕಣ್ಣು ಎತ್ತದೆ ಕೇಳಿದಳು:
‘ನಮಗೆ ಕೇಜಿ ಲೆಕ್ಕ. ನಿಮಗೆ?’
ತಲೆ ಅಲ್ಲಾಡಿಸಿ ನಕ್ಕುಬಿಟ್ಟೆ.
ಅವಳು ನಗಲಿಲ್ಲ. ಅವಳಿಗೆ ಉತ್ತರ ಬೇಕಿತ್ತು.

ಬರೆಯುತ್ತೇನೆ, ಕೊಟ್ರಮ್ಮ.
ಅರ್ಧ ಹಣ ಮುಂಗಡ.
ತಿದ್ದಿಕೊಡುವುದು ಒಂದೇ ಸಲ.
ಚಿತ್ರ ಗೋಡೆಗೆ ಮಾತ್ರ,
ಪುಡಿ ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಿಸಿದರೆ ಅದು ಬೇರೆ ಮಾತು.
ಇಷ್ಟೂ ಸಲೀಸಾಗಿ ಬಂತು, ಇನ್ಯಾರೋ ಬರೆಸಿದ ಹಾಗೆ.

ಉಳಿದದ್ದು ಅಂಕಿ.
ಟರ್ಪೆಂಟೈನ್ ವಾಸನೆಯ ಒರೆಸುಬಟ್ಟೆ ತೊಡೆಯ ಮೇಲೆ ಹಾಸಿ
ಎರಡೂ ಕೈ ಅದರಡಿ ಇಟ್ಟೆ.
ಎಡಗೈ, ಭಯಸ್ತೆ, ಎರಡು ಬೆರಳು ಹಿಡಿಯಿತು.
ಬಲಗೈ ಕೊಸರಿಕೊಂಡಿತು.
ಮೂರು. ಊಹೂಂ.
ಬೀದಿಯಲ್ಲಿ ಯಾರೋ ಸೊಪ್ಪು ಕೂಗಿಕೊಂಡು ಹೋದರು,
ಕಟ್ಟಿಗೆ ಇಷ್ಟು ಅಂತ, ಊರಿಗೆಲ್ಲ ಕೇಳುವ ಹಾಗೆ.
ಆರು ಬೆರಳಾದ ಮೇಲೆ, ಒಂದು ಗಿಣ್ಣೂ ಒತ್ತಿದ ಮೇಲೆ,
ಬಲಗೈ ಸುಮ್ಮನಾಯಿತು.

ಅಂಕಿಯಲ್ಲಿ ಬರೆದೆ. ಅಕ್ಷರದಲ್ಲಿ ಬರೆದೆ:
ಅರವತ್ತೈದು ಸಾವಿರ ರೂಪಾಯಿ ಮಾತ್ರ.
ಆ ‘ಮಾತ್ರ’ ಹೊಡೆದುಹಾಕಬೇಕು ಅನ್ನಿಸಿತು.
ಮುಂದೆ ಯಾರೂ ಏನೂ ಸೇರಿಸಬಾರದು ಅಂತ
ಲೆಕ್ಕ ಬಲ್ಲವರು ಹಾಕುವ ಬೀಗವಂತೆ ಅದು.
ಇರಲಿ.
ಮೊತ್ತದ ಪಕ್ಕ ಹೆಬ್ಬೆರಳಿನ ಕಾವಿ ಅಂಟಿದೆ.
ನಾಲ್ಕನೇ ಹಾಳೆ ತೆಗೆಯಲಿಲ್ಲ.