ಹನ್ನೊಂದು ಸೆಕೆಂಡು

ಮನಾಮಾದ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ
ಕತ್ತರಿ ನನ್ನದು, ಕೈ ನನ್ನದು,
ಕಣ್ಣು ಮಾತ್ರ ಪಕ್ಕದ ಕುರ್ಚಿಯವರದು.
ಅವರು ಮೇಜು ತಟ್ಟಿದಲ್ಲಿ ನಾನು ಕಡಿದೆ.
ಕಡಿದದ್ದನ್ನು ಎಣಿಸಿ, ಸುಟ್ಟು, ಸಹಿ ಹಾಕಬೇಕು.
ಸಹಿ ಹಾಕುತ್ತಿದ್ದೆ. ಎಲ್ಲವನ್ನೂ ಸುಡುತ್ತಿರಲಿಲ್ಲ ಅನ್ನುವುದು
ಒಂದು ನಿಡೋ ಡಬ್ಬಿಗೂ ಸೆರಫಿನಾಳಿಗೂ ಗೊತ್ತು.

ಈಗ ಕತ್ತರಿ ಯಾರಿಗೂ ಬೇಡ, ಗುಂಡಿ ಒತ್ತಿದರೆ ಮಸುಕು.
ಅದ್ಲಿಯಾದ ಫಿಲ್ಮ್ ಕ್ಲಬ್ಬಿಗೆ ಹಳೆ ರೀಲು ಬಂದರೆ
ಯಂತ್ರ ಓಡಿಸಲು ನನ್ನನ್ನು ಕರೆಯುತ್ತಾರೆ.
ಹಾಗೆ ಸಿಕ್ಕವರು ಹಂಗೇರಿಯ ಬೋರೋಶ್ ಗೆರ್ಗೆಯ್,
ಎಂಬತ್ತೊಂದು ವಯಸ್ಸು, ಊರುಗೋಲು.
ಅವರಲ್ಲಿ ಮನೆತನ ಮೊದಲು, ಹೆಸರು ಆಮೇಲಂತೆ.
ಹಾಗಾದರೆ ನಾನು ಮೊಂತೇರೊ ಲಿಗೋರಿ ಅಂದೆ.

ವಿಮಾನಕ್ಕೆ ನಾನೇ ಬಿಡಲು ಹೋದೆ. ಸೇತುವೆ ಮೇಲೆ ಟ್ರಾಫಿಕ್ಕು.
ಇಬ್ಬರದೂ ಮುರುಕು ಇಂಗ್ಲಿಷು.

"ಮೊದಲಿನವರು ನನ್ನ ಸ್ಕ್ರಿಪ್ಟು ಮೂರು ಸಲ ಓದುತ್ತಿದ್ದರು,
ಅಲ್ಪವಿರಾಮದ ಮೇಲೂ ಅನುಮಾನ.
ಅಷ್ಟು ಶ್ರದ್ಧೆಯಿಂದ ಆಮೇಲೆ ಯಾರೂ ಓದಲಿಲ್ಲ.
ಅವರಿಗೆಂದೇ ಒಂದು ಬಾತುಕೋಳಿ ಇಡುತ್ತಿದ್ದೆ,
ಥೇಟು ಮಂತ್ರಿಯ ನಡಿಗೆ. ಅದನ್ನು ಕಡಿದು ಖುಷಿಪಟ್ಟು
ಉಳಿದದ್ದು ಬಿಡಲಿ ಅಂತ.
ಒಂದು ಸಲ ಬಾತುಕೋಳಿ ಬಿಟ್ಟರು,
ಉಳಿದದ್ದು ಕಡಿದರು."

ನಗು ಕೆಮ್ಮಾಯಿತು. ಕಿಟಕಿ ಇಳಿಸಿದೆ.

"ಆಮೇಲೆ ಸರ್ಕಾರ ಬಿತ್ತು. ಏನು ಬೇಕಾದರೂ ತೆಗೆ ಅಂದರು.
ದುಡ್ಡು? ಅದು ಗೊತ್ತಿಲ್ಲ ಅಂದರು.
ಒಂಬತ್ತು ವರ್ಷ ಮೊಸರಿನ ಜಾಹೀರಾತು ಮಾಡಿದೆ.
ಈಗ ದುಡ್ಡಿದೆ, ಕಡಿಯುವವರಿಲ್ಲ.
ಅರ್ಜಿ ಹಾಕಿದರೆ ಉತ್ತರ ಬರುವುದಿಲ್ಲ, ಅಷ್ಟೆ.
ಬಾತುಕೋಳಿಯನ್ನು ಯಾರಿಗೆ ಇಡಲಿ?"

ಮುಹರ್ರಕ್ಕಿನ ದೀಪಗಳು ನೀರಿನಲ್ಲಿ ಉದ್ದಕ್ಕೆ ಬಿದ್ದಿದ್ದವು.
ಹೇಳಲೋ ಬೇಡವೋ. ಹೇಳಿದೆ:
ಎಂಬತ್ತೇಳರಲ್ಲಿ ನಿಮ್ಮ ಚಿತ್ರ ಇಲ್ಲಿಗೆ ಬಂದಿತ್ತು.
ಹೆಂಗಸೊಬ್ಬಳು ಕಿಟಕಿಗೆ ಬೆನ್ನು ಕೊಟ್ಟು
ತಲೆಗೂದಲು ಒಣಗಿಸುವುದು, ಹನ್ನೊಂದು ಸೆಕೆಂಡು.
ಕಡಿದದ್ದು ನಾನು.

ಊರುಗೋಲಿನ ತುದಿ ನೋಡುತ್ತ ಕೇಳಿದರು:
"ಅಂಟಿಸಿದ್ದು ಕಾಣುವ ಹಾಗೋ, ಕಾಣದ ಹಾಗೋ?"
ಕಾಣದ ಹಾಗೆ.
"ಚಿತ್ರ ನಡೆಯಿತೇ, ಅವಳಿಲ್ಲದೆ?"
ನಡೆಯಿತು, ಸರ್.
"ಹಾಂ," ಅಂದರು.
ಎರಡು ಸಿಗ್ನಲ್ ದಾಟುವವರೆಗೆ ಮತ್ತೇನೂ ಅನ್ನಲಿಲ್ಲ.

ಪೆಟ್ರೋಲ್ ಬಂಕಿನ ಪಕ್ಕ ನಿಲ್ಲಿಸಿ
ಹಿಂದಿನ ಸೀಟಿನ ಡಬ್ಬಿ ತೆಗೆದುಕೊಟ್ಟೆ.
ಮುಚ್ಚಳ ಬಿಚ್ಚಿದ್ದೇ ಕಾರಿನೊಳಗೆಲ್ಲ ವಿನೆಗರ್ ವಾಸನೆ.
ನಾನು ಗುರುತು ಹಾಕಿಟ್ಟ ತುಂಡನ್ನು
ಬಂಕಿನ ದೀಪಕ್ಕೆ ಹಿಡಿದು ನೋಡಿದರು.
ನೀಲಿ, ಹಸಿರು ಹೋಗಿ ಎಲ್ಲ ಗುಲಾಬಿಯಾಗಿತ್ತು.

"ಇವಳು ನನ್ನವಳಲ್ಲ," ಅಂದರು. "ಯಾರ ಚಿತ್ರದವಳೋ."

ಆದರೂ ಸುರುಳಿ ಸುತ್ತಿ
ಕೋಟಿನ ಒಳಜೇಬಿಗೆ ಹಾಕಿಕೊಂಡರು.