ಅರ್ಥದ ಬದಿ

ಉಲಾನ್‌ಬಾತರಿನ ಗುಡ್ಡದ ಮಗ್ಗುಲ ಶಾಲೆಗೆ
ಬಾಯ್ಲರ್ ಕಾಯುವವನು ನಾನು, ದಾಶ್‌ಜೆವೆಗ್.
ರಾತ್ರಿಗೆ ಹದಿನೆಂಟು ತಳ್ಳುಗಾಡಿ ಕಲ್ಲಿದ್ದಲು,
ಎರಡು ಸಲ ಬೂದಿ, ಒಂದು ಸಲ ಉಪ್ಪು ಹಾಕಿದ ಚಹಾ.
ಹೊರಗೆ ಸೊನ್ನೆಯಿಂದ ಮೂವತ್ತೆಂಟು ಕೆಳಗೆ.
ಉಗುಳಿದರೆ ನೆಲ ಮುಟ್ಟುವಷ್ಟರಲ್ಲಿ ಕಲ್ಲು.

ಡಿಸೆಂಬರಿನಲ್ಲಿ ಹೋಂಗೊರ್ಜುಲ್ ಬಂದಳು,
ಹನ್ನೆರಡನೇ ಕ್ಲಾಸು, ಕೆಂಪು ಮೂಗು,
ಕಂಕುಳಲ್ಲಿ ಬೂಟಿನ ಡಬ್ಬಿ.
"ಅಜ್ಜ, ಮನೆಯಲ್ಲಿ ಏಳು ಜನ, ಒಂದು ಬಲ್ಬು.
ಇಲ್ಲಿ ಓದಲೇ?"
ಡಬ್ಬಿಯ ತುಂಬ ಚೀಟಿ. ಮುಂದೆ ಇಂಗ್ಲಿಷು,
ಹಿಂದೆ ನಮ್ಮ ಮಾತಿನಲ್ಲಿ ಅರ್ಥ.
"ನೀನು ಅರ್ಥ ಓದು, ನಾನು ಪದ ಹೇಳುತ್ತೇನೆ."

ಹೀಗೆ ಪಾಲಾಯಿತು. ಪದವೆಲ್ಲ ಅವಳಿಗೆ,
ಅರ್ಥವೆಲ್ಲ ನನಗೆ.
ಅರವತ್ತೊಂದು ವರ್ಷದಲ್ಲಿ ಮೊದಲ ಸಲ
ಕೈತುಂಬ ಇಷ್ಟೊಂದು ಅರ್ಥ.
ಅಂಗಡಿಯವಳು ಮಾತ್ರ ಸಾಲ ಕೊಡಲಿಲ್ಲ.

ಆ ಅರ್ಥಕ್ಕೇ ಇನ್ನೊಂದು ಅರ್ಥ ಬೇಕು.
'ಸರ್ವವ್ಯಾಪಿ' ಎಂದು ಓದಿದೆ. 'ಯುಬಿಕ್ವಿಟಸ್' ಎಂದಳು.
ಹಾಗೆಂದರೆ?
"ಎಲ್ಲೆಲ್ಲೂ ಇರುವಂಥದ್ದು."
ಹೊಗೆ ಅನ್ನು ಮತ್ತೆ. ನಮ್ಮ ಓಣಿಯ ಹೊಗೆ.
ಹಾಲಿನಲ್ಲಿ, ಹಾಸಿಗೆಯಲ್ಲಿ,
ಹೆಂಡತಿ ಸತ್ತ ಮೇಲೂ
ಅವಳ ಕೋಟಿನ ಜೇಬಿನಲ್ಲಿ.

'ಮಿತಭಾಷಿ.' 'ಟ್ಯಾಸಿಟರ್ನ್.'
ಇದನ್ನು ನಾನು ಒಪ್ಪಲಿಲ್ಲ. ನನ್ನಪ್ಪ
ಮೂರು ದಿನ ಕುದುರೆಯ ಮೇಲೆ ಕೂತು
ಎರಡೇ ಮಾತಾಡಿದವನು.
ಒಂದು, "ತೋಳ." ಇನ್ನೊಂದು, "ಹೋಯಿತು."
ಅದು ಮಿತವಲ್ಲ ಮಗಳೇ, ಉಳಿತಾಯ.
ಆ ಚಳಿಯಲ್ಲಿ ಬಾಯಿ ತೆರೆದಷ್ಟೂ ಮೈಕಾವು ಖರ್ಚು.
ಅವಳು ಚೀಟಿಯ ಮೂಲೆಯಲ್ಲಿ ಪೆನ್ಸಿಲಿನಿಂದ
ಸಣ್ಣಗೆ ಬರೆದುಕೊಂಡಳು: ತೋಳ, ಹೋಯಿತು.

'ಶ್ರಮಸಾಧ್ಯ'ಕ್ಕೆ ನನ್ನ ಸಲಿಕೆಯ ಕಡೆ ನೋಡಿ ನಕ್ಕಳು,
ನಕ್ಕು ಪದ ಮರೆತಳು.

ಫೆಬ್ರವರಿಯ ಒಂದು ರಾತ್ರಿ ಎತ್ತಿದ ಚೀಟಿಯಲ್ಲಿ
ಅರ್ಥವೇ ಇಲ್ಲ. ಅದರ ಮೇಲೆ
ನನ್ನ ಹೆಬ್ಬೆರಳಿನ ಮಸಿ ಗೆರೆಗೆರೆಯಾಗಿ ಕೂತಿತ್ತು.
ತಿರುಗಿಸಿದರೆ ಇಂಗ್ಲಿಷು, ನನಗದು ಇರುವೆ ಸಾಲು.
"ತೋರಿಸಬೇಡ! ಉಳಿದದ್ದೇನಿದೆ ಅಷ್ಟು ಓದು."
ಉಳಿದದ್ದು 'ಮೆಲ್ಲಗೆ', ಆಮೇಲೆ 'ಬೆಳಕು'.

ಒಲೆಯ ಬಾಗಿಲು ತೆಗೆದೆ.
ಇದ್ದಲು ಉರಿದು ಮುಗಿದಿದೆ, ಕೆಂಡ ಸತ್ತಿಲ್ಲ.
ಅದರ ಮೈಮೇಲೆ ನೋಡು, ನೀಲಿ.
ಉರಿ ಅನ್ನುವ ಹಾಗಿಲ್ಲ, ಸುಡುವ ಮನಸ್ಸಿಲ್ಲ ಅದಕ್ಕೆ.
ಆಗಷ್ಟೇ ಈದ ಕುದುರೆ
ಮರಿಯ ಕಿವಿ ನೆಕ್ಕುತ್ತದಲ್ಲ, ಹಾಗೆ.
ಮೂವತ್ತು ಚಳಿಗಾಲ ಕಂಡಿದ್ದೇನೆ ಇದನ್ನು,
ಹೆಸರಿಟ್ಟು ಕರೆದವನಲ್ಲ.

"ಲ್ಯಾಂಬೆಂಟ್!"
ಅವಳು ಕೂಗಿದ ಸದ್ದಿಗೆ
ಪೈಪಿನ ಮೇಲೆ ಮಲಗಿದ್ದ ಬೆಕ್ಕು ದುಡುಮ್ಮನೆ ಇಳಿಯಿತು.

ಮೇ ನಡುವೆ ಒಲೆ ಆರಿಸಿದೆವು.
ಜೂನಿನಲ್ಲಿ ಬಂದಳು, ತಣ್ಣನೆಯ ಬಾಯ್ಲರಿಗೆ ಒರಗಿ ಕೂತಳು.
"ಆ ಪದ ಬಂತು ಅಜ್ಜ, ಪರೀಕ್ಷೆಯಲ್ಲಿ.
ನಾಲ್ಕು ಉತ್ತರ ಕೊಟ್ಟಿದ್ದರು,
ಒಂದರಲ್ಲೂ ಕುದುರೆ ಇರಲಿಲ್ಲ."
ಮತ್ತೆ ಯಾವುದಕ್ಕೆ ಗುರುತು ಹಾಕಿದೆ?
"ನಿನ್ನ ಹೆಬ್ಬೆರಳು ಕಾಣುತ್ತಿತ್ತು ಕಣ್ಣೆದುರು.
ಅದರ ಕೆಳಗೆ ಏನಿದ್ದಿರಬಹುದೋ
ಅದಕ್ಕೆ ಹಾಕಿದೆ."

ಫಲಿತಾಂಶಕ್ಕೆ ಇನ್ನೂ ಎರಡು ವಾರ.
ಸೀಮೆಸುಣ್ಣ ಕೊಟ್ಟು, ಒಲೆಯ ಕಬ್ಬಿಣದ ಬಾಗಿಲ ಮೇಲೆ
ಆ ಪದವನ್ನು ನಮ್ಮ ಲಿಪಿಯಲ್ಲಿ ಬರೆಸಿಕೊಂಡೆ.
ಸೆಪ್ಟೆಂಬರಿನ ಮೊದಲ ಬೆಂಕಿಗೆ ಹೋಗಿಬಿಡುತ್ತೆ, ಗೊತ್ತು.
ಅಲ್ಲಿಯ ತನಕ
ಒಳಗೆ ಬೂದಿ,
ಹೊರಗೆ ಅದರ ಹೆಸರು.